ಉಬ್ಬರದ ಪಂಚಾಂಗವೂ ಬಿರುಗಾಳಿಯ ವಾರ್ತೆಯೂ

ಸಮುದ್ರದ ಉಬ್ಬರವಿಳಿತಗಳಿಗೆ ಕಾರಣವೇನೆಂದು ಪರೀಕ್ಷೆಯಲ್ಲಿ ಕೇಳಿದರೆ, ‘ಚಂದ್ರನ ಆಕರ್ಷಣೆ, ಸೂರ್ಯನದೂ ಸ್ವಲ್ಪಮಟ್ಟಿಗೆ ಉಂಟು’ ಎಂದು ಬರೆದು ನಮ್ಮ ವಿದ್ಯಾರ್ಥಿಗಳು ಪೂರ್ಣಾಂಕ ಪಡೆಯುತ್ತಾರೆ. ಬರೆದದ್ದು ತಪ್ಪಲ್ಲ. ಆದರೆ ಅಷ್ಟನ್ನೇ ನೆಚ್ಚಿ ದೋಣಿಯೇರಿದವನು ಸ್ಕಾಟ್ಲೆಂಡಿನ ಶೀತಸಮುದ್ರದಲ್ಲಿ ಹೆಚ್ಚು ಕಾಲ ಬಾಳಲಾರನು. ಉಬ್ಬರವಿಳಿತವನ್ನು ಖಗೋಳದ ಪಾಠದಲ್ಲಿಯೂ ಗಾಳಿಮಳೆಗಳನ್ನು ಭೂಗೋಳದ ಪಾಠದಲ್ಲಿಯೂ ಬೇರೆಬೇರೆಯಾಗಿ ಕಲಿಸಿ, ಇವೆರಡೂ ಕೂಡುವ ಸ್ಥಳವಾದ ಸಮುದ್ರವನ್ನು ಯಾವ ಪಾಠದಲ್ಲಿಯೂ ಕಲಿಸದೆ ಬಿಡುವುದು ದೊಡ್ಡ ಲೋಪವೆಂದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯವನ್ನು ಸಮರ್ಥಿಸಲು ಆರ್ಕ್ನಿ ದ್ವೀಪಗಳಿಂದ ಥೇಮ್ಸ್ ನದಿಯ ಮುಖದವರೆಗೆ ಹಬ್ಬಿರುವ ಉತ್ತರ ಸಮುದ್ರದ ಪಶ್ಚಿಮ ತೀರವನ್ನು ಆರಿಸಿಕೊಂಡಿದ್ದೇವೆ. ಈ ಪಾಠವನ್ನು ಅಲ್ಲಿಯ ಜನ ಬಹಳ ದುಬಾರಿಯ ಬೆಲೆ ತೆತ್ತು ಕಲಿತಿದ್ದಾರೆ.

ಮೊದಲು ಒಂದು ವಿಚಿತ್ರವನ್ನು ಗಮನಿಸೋಣ. ಆ ತೀರದ ಯಾವುದೇ ಬಂದರಿನಲ್ಲಿ ಮುಂದಿನ ವರ್ಷದ ಇಂಥ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನೀರು ಇಷ್ಟು ಮೀಟರು ಏರುವುದೆಂದು ಮುಂಚಿತವಾಗಿಯೇ ಅಚ್ಚುಹಾಕಿಸಿ ಮಾರುತ್ತಾರೆ. ನಮ್ಮ ಪಂಚಾಂಗದಲ್ಲಿ ಗ್ರಹಣದ ಸ್ಪರ್ಶಕಾಲ, ಮೋಕ್ಷಕಾಲಗಳಿರುವಂತೆಯೇ ಇದೂ. ಆದರೆ ಅದೇ ಬಂದರಿನಲ್ಲಿ ಇಂದಿಗೆ ಹದಿನೈದನೆಯ ದಿನ ಗಾಳಿ ಯಾವ ದಿಕ್ಕಿನಿಂದ ಬೀಸೀತೆಂದು ಕೇಳಿದರೆ, ಇಂದಿನ ಮಹಾಗಣಕಯಂತ್ರಗಳನ್ನು ಮುಂದಿಟ್ಟುಕೊಂಡ ವಿಜ್ಞಾನಿಯೂ ನಿಶ್ಚಯವಾಗಿ ಹೇಳಲಾರನು. ನೀರಿನ ಒಂದು ಚಲನೆ ಗಡಿಯಾರದಂತೆ. ಇನ್ನೊಂದು ಗಾಳಿಗೆ ಸಿಕ್ಕಿದ ತರಗೆಲೆಯಂತೆ. ನಾವಿಕನ ಹಡಗಾದರೋ ಎರಡರ ಮೇಲೆಯೂ ಏಕಕಾಲಕ್ಕೆ ತೇಲುತ್ತಿರುತ್ತದೆ.

ಗಡಿಯಾರದಂತಹ ಚಲನೆಯೂ ಪಠ್ಯಪುಸ್ತಕದ ಚಿತ್ರದಲ್ಲಿರುವಷ್ಟು ಸರಳವೇನಲ್ಲ. ಭೂಮಿಯನ್ನೆಲ್ಲ ನೀರಿನ ಹೊದಿಕೆ ಸಮನಾಗಿ ಮುಚ್ಚಿದ್ದು, ಚಂದ್ರನ ಕಡೆಗೊಂದು ಅದರ ಎದುರಿಗೊಂದು ಉಬ್ಬು ಏಳುವಂತೆ ಆ ಚಿತ್ರಗಳು ತೋರಿಸುತ್ತವೆ. ನಿಜವಾದ ಸಮುದ್ರಕ್ಕೆ ದಡಗಳುಂಟು, ತಳವುಂಟು. ಉಬ್ಬರವೆಂಬುದು ಆ ದಡಗಳ ನಡುವೆ ಓಡಾಡುವ ಒಂದು ಮಹಾದೀರ್ಘ ಅಲೆ. ಅಟ್ಲಾಂಟಿಕ್ ಸಾಗರದಿಂದ ಹೊರಟ ಈ ಅಲೆ ಸ್ಕಾಟ್ಲೆಂಡಿನ ಉತ್ತರ ತುದಿಯನ್ನು ಸುತ್ತಿ ಉತ್ತರ ಸಮುದ್ರವನ್ನು ಹೊಕ್ಕು, ಪೂರ್ವ ತೀರದುದ್ದಕ್ಕೂ ದಕ್ಷಿಣಕ್ಕೆ ಸಾಗುತ್ತದೆ. ಆಬರ್ಡೀನಿನಲ್ಲಿ ಕಂಡ ಉಬ್ಬರ ಲಂಡನ್ನಿನ ಸೇತುವೆಯನ್ನು ಮುಟ್ಟಲು ಸುಮಾರು ಹನ್ನೆರಡು ಗಂಟೆ ಹಿಡಿಯುತ್ತದೆ. ಈ ಹನ್ನೆರಡು ಗಂಟೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ, ಮುಂದೆ ಬೇಕಾಗುವುದು.

ಭೂಮಿಯ ಆವರ್ತನೆಯ ಫಲವಾಗಿ ಈ ಅಲೆ ಉತ್ತರ ಸಮುದ್ರದೊಳಗೆ ಕೆಲವು ಬಿಂದುಗಳ ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಆ ಬಿಂದುಗಳಲ್ಲಿ ಏರಿಳಿತವೇ ಇರುವುದಿಲ್ಲವೆಂದರೂ ಸಲ್ಲುತ್ತದೆ. ಚಂದ್ರ ತಲೆಯ ಮೇಲೆಯೇ ಇದ್ದರೂ ಅಲ್ಲಿ ನೀರು ಮಿಸುಕದು! ಇಂಥ ಬಿಂದುವೊಂದು ಹಾಲೆಂಡಿಗೂ ಇಂಗ್ಲೆಂಡಿಗೂ ನಡುವೆ ಇರಬೇಕೆಂದು ೧೮೩೦ರ ದಶಕದಲ್ಲಿ ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಮ್ ಹ್ಯೂವೆಲ್ ದಡದ ಅಳತೆಗಳಿಂದಲೇ ಊಹಿಸಿದನು. ಅದನ್ನು ನಡುಗಡಲಿನಲ್ಲಿ ಪರೀಕ್ಷಿಸಿದವನು ‘ಫೇರಿ’ ಎಂಬ ನೌಕೆಯ ಕ್ಯಾಪ್ಟನ್ ವಿಲಿಯಮ್ ಹ್ಯೂಯಿಟ್. ೧೮೪೦ರ ಆಗಸ್ಟಿನಲ್ಲಿ ಅವನು ಲಂಗರು ಹಾಕಿ ನಿಂತು, ಗಂಟೆಗಂಟೆಗೂ ಗುಂಡುಹಗ್ಗ ಬಿಟ್ಟು ಆಳವನ್ನು ಅಳೆದನು. ಆಳ ಬದಲಾಗಲಿಲ್ಲವೆಂಬಷ್ಟು ಅಲ್ಪವಾಗಿ ಬದಲಾಯಿತು, ಊಹೆ ಸತ್ಯವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಇಂಗ್ಲೆಂಡಿನ ಪೂರ್ವ ತೀರದಾಚೆ ಬಿರುಗಾಳಿಯೊಂದಕ್ಕೆ ಸಿಕ್ಕಿ ‘ಫೇರಿ’ ಮುಳುಗಿತು. ಹ್ಯೂಯಿಟನೂ ಅವನ ಸಂಗಡಿಗರೆಲ್ಲರೂ ಜಲಸಮಾಧಿಯಾದರು. ಉಬ್ಬರದ ಗುಟ್ಟನ್ನು ಅವನಷ್ಟು ಬಲ್ಲವರು ಆಗ ಬಹಳ ಮಂದಿ ಇರಲಿಲ್ಲ. ನಾಳಿನ ಗಾಳಿಯನ್ನು ಬಲ್ಲವರಾದರೋ ಒಬ್ಬರೂ ಇರಲಿಲ್ಲ.

ಉಬ್ಬರದ ಪಂಚಾಂಗ ಹೇಗೆ ಸಿದ್ಧವಾಗುತ್ತದೆ? ಒಂದು ಬಂದರಿನಲ್ಲಿ ನೀರಿನ ಮಟ್ಟವನ್ನು ವರ್ಷಗಟ್ಟಲೆ ದಾಖಲೆಮಾಡಿ, ಆ ಡೊಂಕುರೇಖೆಯನ್ನು ಅನೇಕ ಸರಳ ಲಯಗಳ ಮೊತ್ತವೆಂದು ವಿಂಗಡಿಸುತ್ತಾರೆ. ಚಂದ್ರನದೊಂದು, ಸೂರ್ಯನದೊಂದು, ಚಂದ್ರ ಭೂಮಿಗೆ ಸಮೀಪಿಸಿ ದೂರವಾಗುವುದರದೊಂದು, ಹೀಗೆ. ಬಳಿಕ ಅವನ್ನೇ ಮುಂದಿನ ಕಾಲಕ್ಕೆ ಕೂಡಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೂಡಿಕೆಯನ್ನು ಮಾಡಲು ರಾಟೆಗಳೂ ಹಲ್ಲುಗಾಲಿಗಳೂ ಉಳ್ಳ ಯಂತ್ರಗಳನ್ನು ಕಟ್ಟಿದರು. ಅಂತಹ ಮೊದಲ ಯಂತ್ರಗಳಲ್ಲೊಂದು ೧೮೭೯ರಲ್ಲಿ ಭಾರತದ ಬಂದರುಗಳಿಗೆಂದೇ ಲಂಡನ್ನಿನಲ್ಲಿ ಸಿದ್ಧವಾಯಿತೆಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಈಗ ಆ ಕೆಲಸವನ್ನು ಗಣಕಯಂತ್ರಗಳು ಮಾಡುತ್ತವೆ, ತತ್ತ್ವ ಅದೇ. ಆದರೆ ಅಲ್ಲಿ ಒಂದು ಸಣ್ಣ ಸಂಗತಿ ಅಡಗಿದೆ. ವರ್ಷಗಟ್ಟಲೆಯ ದಾಖಲೆಯಿಂದ ಲಯಗಳನ್ನು ಆಯ್ದುಕೊಂಡಾಗ ಲಯಕ್ಕೆ ಸಿಕ್ಕದ ಅಂಶವೊಂದು ಹಿಂದೆ ಉಳಿಯುತ್ತದೆ. ಅದನ್ನು ‘ಶೇಷ’ ಎನ್ನೋಣ. ಈ ಶೇಷ ಪಂಚಾಂಗದಲ್ಲಿ ಅಚ್ಚಾಗುವುದಿಲ್ಲ. ಅದು ಹವೆಯ ಕೆಲಸ. ಸಾಮಾನ್ಯ ದಿನಗಳಲ್ಲಿ ಅದು ಗೇಣುದ್ದವೂ ಇರದು.

ಪಂಚಾಂಗವನ್ನೂ ಹವೆಯನ್ನೂ ಜೊತೆಯಾಗಿ ಓದಬೇಕಾದ ಸ್ಥಳಗಳಲ್ಲಿ ಪೆಂಟ್ಲೆಂಡ್ ಜಲಸಂಧಿಯಷ್ಟು ಕಠಿಣವಾದದ್ದು ಅಪರೂಪ. ಇದು ಸ್ಕಾಟ್ಲೆಂಡಿನ ಉತ್ತರ ತುದಿಗೂ ಆರ್ಕ್ನಿ ದ್ವೀಪಗಳಿಗೂ ನಡುವಣ ಇಕ್ಕಟ್ಟು. ಪಶ್ಚಿಮಕ್ಕೆ ಅಟ್ಲಾಂಟಿಕ್, ಪೂರ್ವಕ್ಕೆ ಉತ್ತರ ಸಮುದ್ರ. ಪಶ್ಚಿಮದ ಬಾಯಿಯಲ್ಲಿ ಉಬ್ಬರ ಪೂರ್ವದ ಬಾಯಿಗಿಂತ ಸುಮಾರು ಎರಡು ಗಂಟೆ ಮೊದಲು ಬರುತ್ತದೆ. ಎಂದರೆ ಒಂದು ಕಡೆ ನೀರು ಎತ್ತರದಲ್ಲಿರುವಾಗ ಇನ್ನೊಂದು ಕಡೆ ತಗ್ಗಿನಲ್ಲಿರುತ್ತದೆ. ಎತ್ತರದಿಂದ ತಗ್ಗಿಗೆ ಹರಿಯುವುದು ನೀರಿನ ಧರ್ಮ. ಹೀಗೆ ಸಮುದ್ರದ ನಡುವೆಯೇ ಒಂದು ಮಹಾನದಿ ಹುಟ್ಟಿ, ಆರು ಗಂಟೆ ಪೂರ್ವಕ್ಕೂ ಆರು ಗಂಟೆ ಪಶ್ಚಿಮಕ್ಕೂ ಹರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದರ ವೇಗ ಕೆಲವೆಡೆ ಗಂಟೆಗೆ ೨೦ ಕಿಲೋಮೀಟರನ್ನೂ ಮೀರುತ್ತದೆ. ಮಳೆಗಾಲದ ನಮ್ಮ ಶರಾವತಿಯನ್ನೋ ಕಾಳಿಯನ್ನೋ ಕಂಡವರಿಗೂ ಇದರ ಕಲ್ಪನೆ ಸುಲಭವಲ್ಲ. ಈ ಹರಿವಿನಿಂದ ವಿದ್ಯುತ್ತನ್ನು ಪಡೆಯಲು ೨೦೧೬ರಿಂದ ಸ್ಟ್ರೋಮಾ ದ್ವೀಪದ ಬಳಿ ತಳದಲ್ಲಿ ತಿರುಗುಯಂತ್ರಗಳನ್ನು ಇಳಿಸಿದ್ದಾರೆ.

ಇಂಥ ಹರಿವಿಗೆ ಎದುರಾಗಿ ಗಾಳಿ ಬೀಸಿದರೆ ಏನಾಗುತ್ತದೆ? ಗಾಳಿ ಎಬ್ಬಿಸಿದ ಅಲೆಗಳು ಎದುರು ಪ್ರವಾಹವನ್ನು ಸಂಧಿಸಿ ಮುಂದೆ ಸಾಗಲಾರದೆ ಒತ್ತೊತ್ತಾಗುತ್ತವೆ. ಅವುಗಳ ನಡುವಣ ಅಂತರ ಕುಗ್ಗುತ್ತದೆ. ಕುಗ್ಗಿದ ಅಲೆ ಎತ್ತರಕ್ಕೆ ಎದ್ದು ಗೋಡೆಯಂತೆ ನಿಂತು ಮುರಿದು ಬೀಳುತ್ತದೆ. ಪಶ್ಚಿಮದ ಅಲೆಗೆ ಎದುರಾಗಿ ಪಶ್ಚಿಮಾಭಿಮುಖ ಪ್ರವಾಹ ಹರಿಯುವ ಹೊತ್ತಿನಲ್ಲಿ ಜಲಸಂಧಿಯ ಒಂದು ಕಡೆ ಬಿಳಿನೊರೆಯ ಸಾಲೊಂದು ಅಡ್ಡಲಾಗಿ ಏಳುತ್ತದೆ. ಅದಕ್ಕೆ ಅಲ್ಲಿಯವರು ಇಟ್ಟ ಹೆಸರು ‘ಮೇಯ್ ಊರಿನ ಕುಣಿಯುವ ಗಂಡುಗಳು’ ಎಂಬರ್ಥ ಕೊಡುತ್ತದೆ. ಹೆಸರಿನಲ್ಲಿ ವಿನೋದವಿದೆ, ಕುಣಿತದಲ್ಲಿಲ್ಲ. ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶವಿದು: ಗಾಳಿ ಬದಲಾಗಿಲ್ಲ, ಚಂದ್ರ ಬದಲಾಗಿಲ್ಲ, ಕೇವಲ ಐದಾರು ಗಂಟೆ ಕಳೆದಿದೆ. ಅಷ್ಟರಲ್ಲಿ ದಾಟಬಹುದಾಗಿದ್ದ ಸಮುದ್ರ ದಾಟಲಾಗದ ಸಮುದ್ರವಾಗುತ್ತದೆ. ಹವಾವರದಿ ಅದನ್ನು ಒಂದೇ ‘ಬಿರುಗಾಳಿ’ ಎನ್ನುತ್ತದೆ. ಉಬ್ಬರದ ಪಂಚಾಂಗ ಒಂದೇ ‘ಉಬ್ಬರ’ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದವನಿಗೆ ಮಾತ್ರ ನಿಜ ತಿಳಿಯುತ್ತದೆ.

ತಿಳಿದಿದ್ದೂ ಹೋಗಬೇಕಾದ ಸಂದರ್ಭಗಳುಂಟು. ೧೯೬೯ರ ಮಾರ್ಚ್ ೧೭ರ ರಾತ್ರಿ ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಹಡಗೊಂದರ ನೆರವಿಗೆಂದು ಆರ್ಕ್ನಿಯ ಲಾಂಗ್‌ಹೋಪ್ ಎಂಬ ಊರಿನ ಜೀವರಕ್ಷಕ ದೋಣಿ ಈ ಜಲಸಂಧಿಗೆ ಹೊರಟಿತು. ಅದರಲ್ಲಿದ್ದ ಎಂಟು ಮಂದಿಯೂ ಹಿಂದಿರುಗಲಿಲ್ಲ. ಎರಡು ಮನೆಗಳಿಂದ ತಂದೆಯೂ ಇಬ್ಬಿಬ್ಬರು ಮಕ್ಕಳೂ ಹೋಗಿದ್ದರು. ಹಡಗಿನವರು ಬದುಕಿದರು. ಅಂಥವರನ್ನು ಅಜ್ಞಾನಿಗಳೆನ್ನುವ ಧೈರ್ಯ ನಮಗಿಲ್ಲ.

ಇನ್ನು ಹವಾಮುನ್ಸೂಚನೆಯ ಕಥೆ. ‘ಬೀಗಲ್’ ನೌಕೆಯಲ್ಲಿ ಡಾರ್ವಿನನನ್ನು ಲೋಕಸಂಚಾರಕ್ಕೆ ಕರೆದೊಯ್ದ ರಾಬರ್ಟ್ ಫಿಟ್ಸ್‌ರಾಯನ ಹೆಸರನ್ನು ಹಲವರು ಕೇಳಿದ್ದಾರೆ. ಅವನ ಉಳಿದ ಬಾಳನ್ನು ಬಲ್ಲವರು ಕಡಮೆ. ೧೮೫೪ರಲ್ಲಿ ಅವನು ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದನು. ೧೮೫೯ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸಿನ ತೀರಕ್ಕೆ ಬಡಿದು ನಾನೂರಕ್ಕೂ ಹೆಚ್ಚು ಜನ ಸತ್ತರು. ಬಿರುಗಾಳಿ ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದು ಬರುತ್ತದೆ, ಆದರೆ ತಂತಿ ಅದಕ್ಕಿಂತ ಮುಂದೆ ಓಡಬಲ್ಲದು ಎಂಬ ಸರಳವಾದ ಮಾತನ್ನು ಫಿಟ್ಸ್‌ರಾಯ್ ಹಿಡಿದನು. ೧೮೬೧ರ ಫೆಬ್ರವರಿಯಲ್ಲಿ ಬಂದರುಗಳಿಗೆ ತಂತಿಯ ಮೂಲಕ ಎಚ್ಚರಿಕೆ ಹೋಗತೊಡಗಿತು. ಬಂದರಿನ ಕಂಬದಲ್ಲಿ ಕಪ್ಪು ಶಂಕುವನ್ನು ತುದಿ ಮೇಲಾಗಿ ಏರಿಸಿದರೆ ಉತ್ತರದ ಬಿರುಗಾಳಿ, ತುದಿ ಕೆಳಗಾದರೆ ದಕ್ಷಿಣದ್ದು. ಓದುಬರಹ ಬಾರದ ಬೆಸ್ತನೂ ಅದನ್ನು ಓದಬಹುದಾಗಿತ್ತು.

ಎಚ್ಚರಿಕೆ ಕೆಲವು ಸಲ ಸುಳ್ಳಾಯಿತು. ಸಿದ್ಧಾಂತದ ಬೆಂಬಲವಿಲ್ಲದೆ ಭವಿಷ್ಯ ನುಡಿಯುವುದು ವಿಜ್ಞಾನವಲ್ಲವೆಂದು ಪಂಡಿತರು ಹಳಿದರು. ೧೮೬೫ರಲ್ಲಿ ಫಿಟ್ಸ್‌ರಾಯ್ ತನ್ನ ಕೈಯಿಂದಲೇ ಪ್ರಾಣ ಬಿಟ್ಟನು. ಮರುವರ್ಷ ಎಚ್ಚರಿಕೆಗಳನ್ನು ನಿಲ್ಲಿಸಲಾಯಿತು. ಅವು ಮತ್ತೆ ಬೇಕೆಂಬ ಕೂಗು ಎದ್ದದ್ದು ಬಂದರುಗಳಿಂದ; ೧೮೬೭ರಲ್ಲಿ ಅವು ಮರಳಿ ಬಂದವು. ಈ ಪ್ರಸಂಗದಲ್ಲಿ ನಮ್ಮ ಒಲವು ಪಂಡಿತರ ಕಡೆಗಲ್ಲ. ಗ್ರಹಣದ ಗಣಿತದಷ್ಟು ಖಚಿತವಲ್ಲದ ಜ್ಞಾನ ಜ್ಞಾನವೇ ಅಲ್ಲವೆಂಬ ಬಿಗುಮಾನದಿಂದ ಜೀವಗಳು ಹೋಗುತ್ತವೆ. ಹತ್ತರಲ್ಲಿ ಮೂರು ಸಲ ತಪ್ಪುವ ಎಚ್ಚರಿಕೆಯೂ ಏಳು ಸಲ ದೋಣಿಯನ್ನು ದಡದಲ್ಲಿ ಉಳಿಸುತ್ತದೆಯಷ್ಟೆ.

ಹಾಗೆಂದು ಎಚ್ಚರಿಕೆಯೊಂದಿದ್ದರೆ ಸಾಕೆಂದು ಭಾವಿಸಬಾರದು. ೧೮೮೧ರ ಅಕ್ಟೋಬರ್ ೧೪, ಶುಕ್ರವಾರ. ಸ್ಕಾಟ್ಲೆಂಡಿನ ಆಗ್ನೇಯ ತೀರದ ಐಮತ್ ಎಂಬ ಬೆಸ್ತರ ಊರಿನಲ್ಲಿ ಬೆಳಗು ಶಾಂತವಾಗಿತ್ತು. ವಾಯುಭಾರಮಾಪಕದ ಪಾದರಸ ಮಾತ್ರ ಬಹಳ ಕೆಳಗಿಳಿದಿತ್ತು. ಬೆಸ್ತರು ಅದನ್ನು ನೋಡಿದ್ದರು, ಅದರ ಅರ್ಥವನ್ನೂ ಬಲ್ಲರು. ಆದರೆ ಅದಕ್ಕೆ ಮೊದಲು ಅನೇಕ ದಿನ ಕೆಟ್ಟ ಹವೆಯಿಂದ ದೋಣಿಗಳು ದಡದಲ್ಲಿಯೇ ಇದ್ದವು, ಮನೆಯಲ್ಲಿ ಹಿಟ್ಟಿರಲಿಲ್ಲ. ಒಂದು ದೋಣಿ ಹೊರಟಿತು, ಉಳಿದವು ಹಿಂಬಾಲಿಸಿದವು. ನಡುಹಗಲಿಗೆ ಬಿರುಗಾಳಿ ಎರಗಿತು. ಆ ತೀರದ ೧೮೯ ಮಂದಿ ಸತ್ತರು. ಅವರಲ್ಲಿ ೧೨೯ ಮಂದಿ ಐಮತ್ ಒಂದೇ ಊರಿನವರು. ಕೆಲವು ದೋಣಿಗಳು ಬಂದರಿನ ಬಾಯಿಯ ಬಂಡೆಗಳಿಗೆ ಬಡಿದು ಹೆಂಡಿರುಮಕ್ಕಳ ಕಣ್ಣೆದುರಿಗೇ ಒಡೆದವು. ಪಾದರಸ ಹೇಳಬೇಕಾದುದನ್ನು ಹೇಳಿತ್ತು. ಹಸಿದವನು ಎಚ್ಚರಿಕೆಯನ್ನು ಪಾಲಿಸಬೇಕಾದರೆ ಅವನಿಗೆ ಎಚ್ಚರಿಕೆಯೊಂದಿಗೆ ಒಂದು ದಿನದ ಅನ್ನವೂ ಸಿಕ್ಕಬೇಕು. ಈ ಲೆಕ್ಕವನ್ನು ಹವಾಮಾನದ ಪುಸ್ತಕಗಳಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ.

ಈಗ ೧೯೫೩ರ ಜನವರಿ ೩೧ಕ್ಕೆ ಬರೋಣ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಆದ್ದರಿಂದ ಪಂಚಾಂಗದಲ್ಲಿ ದೊಡ್ಡ ಉಬ್ಬರವೇ ನಮೂದಾಗಿತ್ತು; ಆದರೆ ಪ್ರತಿವರ್ಷ ಹಲವು ಬಾರಿ ಬಂದುಹೋಗುವಂಥದು. ಅದೇ ವೇಳೆಗೆ ವಾಯುಭಾರ ಕುಸಿದ ಒಂದು ಸುಳಿ ಸ್ಕಾಟ್ಲೆಂಡಿನ ಉತ್ತರವನ್ನು ಬಳಸಿ ಉತ್ತರ ಸಮುದ್ರಕ್ಕೆ ತಿರುಗಿತು. ಅದರ ಬೆನ್ನಿಗೆ ಉತ್ತರದ ಗಾಳಿ. ಆರ್ಕ್ನಿಯಲ್ಲಿ ಗಾಳಿಯ ಹೊಡೆತ ಗಂಟೆಗೆ ಸುಮಾರು ೨೦೦ ಕಿಲೋಮೀಟರ್ ವೇಗವನ್ನು ಮುಟ್ಟಿತು. ಸ್ಕಾಟ್ಲೆಂಡಿನ ಕಾಡುಗಳು ನೆಲಕ್ಕೊರಗಿದವು. ಐರಿಷ್ ಸಮುದ್ರದ ಮುಖದಲ್ಲಿ ‘ಪ್ರಿನ್ಸೆಸ್ ವಿಕ್ಟೋರಿಯ’ ಎಂಬ ಪ್ರಯಾಣಿಕರ ಹಡಗು ನೂರ ಮೂವತ್ತಕ್ಕೂ ಹೆಚ್ಚು ಜನರೊಡನೆ ಮುಳುಗಿತು.

ನೀರು ಏರಿದ ಬಗೆಯನ್ನು ಲೆಕ್ಕಹಾಕಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಸಮುದ್ರದ ಮಟ್ಟ ಹೆಚ್ಚುಕಡಮೆ ಒಂದು ಸೆಂಟಿಮೀಟರ್ ಏರುತ್ತದೆ. ಸಾಮಾನ್ಯ ಭಾರ ೧೦೧೩ ಮಿಲಿಬಾರ್. ಆ ಸುಳಿಯ ನಡುವೆ ಸುಮಾರು ೯೭೦. ಇದರಿಂದ ಏರುವುದು ಅರ್ಧ ಮೀಟರಿಗೂ ಕಡಮೆ. ಆದರೆ ಆ ರಾತ್ರಿ ಪಂಚಾಂಗದ ಅಂಕೆಗಿಂತ ಕೆಲವೆಡೆ ಎರಡೂವರೆ ಮೀಟರಿಗೂ ಹೆಚ್ಚಾಗಿ ನೀರು ಏರಿತು. ಉಳಿದುದೆಲ್ಲ ಗಾಳಿಯ ಕೆಲಸ. ಉತ್ತರ ಸಮುದ್ರ ಉತ್ತರದಲ್ಲಿ ಅಗಲ, ಆಳ. ದಕ್ಷಿಣದಲ್ಲಿ ಕಿರಿದು, ಬಹುಭಾಗ ೫೦ ಮೀಟರಿಗೂ ಕಡಮೆ ಆಳ. ಆಳವಿದ್ದಲ್ಲಿ ಗಾಳಿ ನೂಕಿದ ನೀರು ತಳದಲ್ಲಿ ಹಿಂದಿರುಗಬಹುದು. ಆಳವಿಲ್ಲದಲ್ಲಿ ದಾರಿಯಿಲ್ಲದೆ ರಾಶಿಬೀಳುತ್ತದೆ. ಅದರ ಮೇಲೆ ಭೂಮಿಯ ಆವರ್ತನೆಯಿಂದ ದಕ್ಷಿಣಕ್ಕೆ ಹರಿಯುವ ನೀರು ತನ್ನ ಬಲಕ್ಕೆ, ಎಂದರೆ ಇಂಗ್ಲೆಂಡಿನ ತೀರದ ಕಡೆಗೆ, ಒತ್ತುತ್ತದೆ. ಲಾಳಿಕೆಯ ಅಗಲವಾದ ಬಾಯಿಗೆ ಸುರಿದ ನೀರು ಕಿರಿದಾದ ಕೊರಳಿನಲ್ಲಿ ಉಕ್ಕಿದಂತಾಯಿತು. ಇದೇ ಬಿರುಗಾಳಿ ಚಂದ್ರನು ಅರ್ಧವಾಗಿರುವ ವಾರದಲ್ಲಿ ಬಂದಿದ್ದರೆ ಇಷ್ಟು ಅನಾಹುತವಾಗುತ್ತಿರಲಿಲ್ಲ. ಇದೇ ಉಬ್ಬರ ಶಾಂತವಾದ ಹವೆಯಲ್ಲಿ ಬಂದಿದ್ದರೆ ಒಡ್ಡುಗಳ ಮೇಲೆ ಮಕ್ಕಳು ನಿಂತು ನೋಡುತ್ತಿದ್ದರು.

ಇಂಗ್ಲೆಂಡಿನಲ್ಲಿ ೩೦೭ ಮಂದಿ, ಹಾಲೆಂಡಿನಲ್ಲಿ ೧೮೩೬ ಮಂದಿ ಸತ್ತರು. ನಾವು ಹೇಳಬೇಕೆಂದಿರುವುದು ಈ ಸಂಖ್ಯೆಗಳಿಗಿಂತ ಗಡಿಯಾರದ ವಿಷಯ. ಉಬ್ಬರದ ಅಲೆ ಸ್ಕಾಟ್ಲೆಂಡಿನಿಂದ ಥೇಮ್ಸಿಗೆ ಬರಲು ಹನ್ನೆರಡು ಗಂಟೆ ಬೇಕೆಂದು ಮೇಲೆ ಹೇಳಿದೆವು. ಲಿಂಕನ್‌ಷೈರಿನ ತೀರದಲ್ಲಿ ಒಡ್ಡುಗಳು ಒಡೆದು ಮನೆಗಳಿಗೆ ನೀರು ನುಗ್ಗಿದ್ದು ಸಂಜೆ ಏಳರ ಸುಮಾರಿಗೆ. ಥೇಮ್ಸ್ ಮುಖದ ಕ್ಯಾನ್ವಿ ದ್ವೀಪ ಮುಳುಗಿದ್ದು ನಡುರಾತ್ರಿ ಕಳೆದು ಒಂದು ಗಂಟೆಯ ಮೇಲೆ. ನಡುವೆ ಆರು ಗಂಟೆಯ ಕಾಲವಿತ್ತು. ತಂತಿಯಿತ್ತು, ದೂರವಾಣಿಯಿತ್ತು, ರೇಡಿಯೋ ಇತ್ತು. ಉತ್ತರದ ಊರಿನಿಂದ ದಕ್ಷಿಣದ ಊರಿಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದೂ ಆಗಿರಲಿಲ್ಲ. ಕ್ಯಾನ್ವಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ನಿದ್ರೆಯಿಂದೆದ್ದು ಕತ್ತಲೆಯಲ್ಲಿ, ಕೊರೆಯುವ ನೀರಿನಲ್ಲಿ ಸತ್ತರು. ಹಾಲೆಂಡಿನಲ್ಲಿಯಾದರೋ ಹವಾಮಾನ ಸಂಸ್ಥೆ ಎಚ್ಚರಿಕೆಯನ್ನು ಹೊರಡಿಸಿಯೇ ಇತ್ತು. ಆದರೆ ಅದು ಶನಿವಾರದ ರಾತ್ರಿ, ರೇಡಿಯೋ ನಡುರಾತ್ರಿಗೆ ನಿಂತುಹೋಗುತ್ತಿದ್ದ ಕಾಲ. ಫಿಟ್ಸ್‌ರಾಯ್ ತಂತಿಯನ್ನು ಗಾಳಿಗಿಂತ ಮುಂದೆ ಓಡಿಸಿ ತೊಂಬತ್ತು ವರ್ಷ ಕಳೆದಿದ್ದುವು.

ಆ ದುರಂತದ ಬಳಿಕ ಬ್ರಿಟನ್ನಿನಲ್ಲಿ ಬಿರುಗಾಳಿಯ ಉಬ್ಬರಕ್ಕೆಂದೇ ಎಚ್ಚರಿಕೆಯ ವ್ಯವಸ್ಥೆಯೊಂದು ಹುಟ್ಟಿತು. ಪಂಚಾಂಗದವರೂ ಹವೆಯವರೂ ಒಂದೇ ಮೇಜಿನಲ್ಲಿ ಕುಳಿತರು. ಥೇಮ್ಸ್ ನದಿಗೆ ಕಟ್ಟಿದ ಬಾಗಿಲುಗಳು ೧೯೮೨ರಿಂದ ಕೆಲಸ ಮಾಡುತ್ತಿವೆ. ಇನ್ನೂರಕ್ಕೂ ಹೆಚ್ಚು ಸಲ ಮುಚ್ಚಿವೆ. ಅವನ್ನು ನೀರು ಏರಿದಾಗ ಮುಚ್ಚುವುದಲ್ಲ. ಇಳಿತ ಮುಗಿದು ನದಿ ಬರಿದಾಗಿ ಶಾಂತವಾಗಿ ಕಾಣುತ್ತಿರುವಾಗಲೇ ಮುಚ್ಚುತ್ತಾರೆ. ಯಾವ ಹೊತ್ತಿನಲ್ಲಿ ಎಂಬುದನ್ನು ಪಂಚಾಂಗ ಹೇಳುತ್ತದೆ. ಮುಚ್ಚಬೇಕೆ ಬೇಡವೆ ಎಂಬುದನ್ನು ಹವೆಯ ವರದಿ. ೨೦೧೩ರ ಡಿಸೆಂಬರ್ ೫ರಂದು ಅದೇ ತೀರದ ಕೆಲವು ಬಂದರುಗಳಲ್ಲಿ ನೀರು ೧೯೫೩ರ ಮಟ್ಟವನ್ನೂ ಮೀರಿತು. ಮನೆಗಳು ನೆನೆದವು, ಒಡ್ಡುಗಳು ಕುಸಿದವು. ಆದರೆ ಸಾವಿರಾರು ಜನ ಮೊದಲೇ ಮನೆ ಬಿಟ್ಟು ಎತ್ತರದ ನೆಲೆಗಳಿಗೆ ಹೋಗಿದ್ದರು. ಈ ಬಾರಿ ನೂರಾರು ಶವಗಳನ್ನು ಎಣಿಸಬೇಕಾಗಲಿಲ್ಲ.

ಹಣ ವ್ಯರ್ಥ, ಬಾಗಿಲು ಮುಚ್ಚಿದ ಎಷ್ಟೋ ದಿನ ಏನೂ ಆಗಲಿಲ್ಲವಲ್ಲ, ಎಂದು ಹೇಳುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಸಮುದ್ರದ ಸರಾಸರಿ ಮಟ್ಟವೇ ಮೇಲೇರುತ್ತಿರುವ ಈ ಕಾಲದಲ್ಲಿ ಅವರ ವಾದ ವರ್ಷದಿಂದ ವರ್ಷಕ್ಕೆ ದುರ್ಬಲವಾಗುತ್ತಿದೆ. ಅಡಿಪಾಯದ ಮಟ್ಟ ಎತ್ತರವಾದರೆ ಹಿಂದೆ ಒಡ್ಡಿನ ಕೆಳಗೇ ನಿಲ್ಲುತ್ತಿದ್ದ ಬಿರುಗಾಳಿ ಇಂದು ಒಡ್ಡನ್ನು ದಾಟೀತು.

ನಮ್ಮ ಕನ್ನಡ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಮಂಗಳೂರಿನಲ್ಲಿ ಎರಡು ಮೀಟರಿಗೂ ಕಡಮೆ. ಉತ್ತರ ಸಮುದ್ರದ ಉಗ್ರತೆ ಇಲ್ಲಿಲ್ಲ. ಆದರೆ ಕಲಿಯುವುದಕ್ಕೆ ಅಷ್ಟೇ ಸಾಕು. ಮಂಗಳೂರು, ಮಲ್ಪೆ, ಕಾರವಾರಗಳ ವಿದ್ಯಾರ್ಥಿಗಳು ಅಧ್ಯಾಪಕರ ಜೊತೆಯಲ್ಲಿ ಒಂದು ಕೆಲಸ ಮಾಡಿ ನೋಡಬಹುದು. ಬಂದರಿನ ಉಬ್ಬರದ ಪಟ್ಟಿಯೊಂದನ್ನು ತರಿಸಿಕೊಳ್ಳಿ. ತೆರೆ ಹೊಡೆಯದ ಅಳಿವೆಯೊಳಗಿನ ಧಕ್ಕೆಯ ಗೋಡೆಗೆ ಸೆಂಟಿಮೀಟರಿನ ಗೆರೆ ಹಾಕಿ. ಒಂದು ತಿಂಗಳು, ದಿನಕ್ಕೊಮ್ಮೆ, ಪಟ್ಟಿಯಲ್ಲಿ ಹೇಳಿದ ಹೊತ್ತಿಗೆ ಸರಿಯಾಗಿ ನೀರಿನ ಮಟ್ಟವನ್ನು ಬರೆಯಿರಿ. ಪಟ್ಟಿಯ ಅಂಕೆ ಒಂದು ಕಲಮಿನಲ್ಲಿ, ಕಂಡ ಅಂಕೆ ಇನ್ನೊಂದರಲ್ಲಿ, ಎರಡರ ವ್ಯತ್ಯಾಸ ಮೂರನೆಯದರಲ್ಲಿ. ಪಕ್ಕದಲ್ಲಿ ಆ ದಿನದ ವಾಯುಭಾರವೂ ಗಾಳಿಯ ದಿಕ್ಕೂ ಇರಲಿ. ಗೆರೆಯ ಸೊನ್ನೆ ಪಟ್ಟಿಯ ಸೊನ್ನೆಗೆ ಹೊಂದದಿದ್ದರೆ ಮೂರನೆಯ ಕಲಮಿನಲ್ಲಿ ಒಂದು ಸ್ಥಿರವಾದ ಅಂಕೆ ದಿನವೂ ಉಳಿದುಕೊಳ್ಳುತ್ತದೆ; ಅದರ ಸರಾಸರಿಯನ್ನು ಕಳೆದುಬಿಡಿ. ಬಳಿಕ ಉಳಿಯುವುದೇ ನಾವು ಮೇಲೆ ‘ಶೇಷ’ವೆಂದು ಕರೆದದ್ದು. ಅಂತಹ ಪಟ್ಟಿಯನ್ನು ಯಾರಾದರೂ ನಮಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯೊಂದರಲ್ಲಿ ಸಂತೋಷದಿಂದ ಅಚ್ಚುಹಾಕುತ್ತೇವೆ.